ಹಿಂದಿನ ಗಲ್ಲಿಯ ಮೀಟರುಗಳು

ಮನೆ ಎಂದರೆ ಒಂದೇ ಕೋಣೆ. ಶೀಟಿನ ಮಾಡು, ಒಂದು ಕಿಟಕಿ, ಕಿಟಕಿಯ ಪಕ್ಕಕ್ಕೆ ಅಮ್ಮನ ಮಂಚ. ಮಂಚದ ತಲೆದೆಸೆಗೆ ಉಸಿರಿನ ಮಷೀನು. ಗಾಲಿಗಳ ಮೇಲೆ ನಿಂತ ಸಣ್ಣ ಪೆಟ್ಟಿಗೆಯಂಥದ್ದು. ಅದರಿಂದ ಹೊರಟ ತೆಳ್ಳನೆಯ ನಳಿಕೆ ಅಮ್ಮನ ಕಿವಿಗಳನ್ನು ಬಳಸಿ ಮೂಗಿಗೆ ಬಂದು ಸೇರುತ್ತಿತ್ತು. ಹಗಲೂ ರಾತ್ರಿ ಗುರುಗುಟ್ಟುವ ಆ ಸದ್ದಿಗೆ ಮಗಳು ಎಷ್ಟು ಒಗ್ಗಿಹೋಗಿದ್ದಳೆಂದರೆ, ನಿಂತಾಗ ಮಾತ್ರ ಅದು ಅವಳಿಗೆ ಕೇಳಿಸುತ್ತಿತ್ತು.

ಆ ಬೆಳಿಗ್ಗೆ ಕೇಳಿಸಿತು.

ಚಹಾ ಸೋಸುತ್ತಿದ್ದವಳು ಪಾತ್ರೆಯನ್ನು ಹಾಗೇ ಬಿಟ್ಟು ತಿರುಗಿದಳು. ಫ್ಯಾನು ಮನಸ್ಸಿಲ್ಲದ ಮನಸ್ಸಿನಿಂದ ಒಂದೆರಡು ಸುತ್ತು ಸುತ್ತಿ ನಿಂತಿತು.

"ಕರೆಂಟು... ಹೋಯ್ತೇನೇ?" ಅಮ್ಮ ಮಂಚದ ಅಂಚು ಹಿಡಿದು ಎದ್ದು ಕೂತಳು. ಮಲಗಿದರೆ ಉಸಿರು ಸಾಲುವುದಿಲ್ಲ.

"ಇರು, ನೋಡ್ತೀನಿ."

ಹೊರಗೆ ಗೋಡೆಗೆ ಏಣಿ ಆನಿಸಿತ್ತು. ಏಣಿಯ ಮೇಲೆ ಲೈನ್‌ಮನ್. ಕೈಯಲ್ಲಿ ಕಟಿಂಗ್ ಪ್ಲೇಯರ್. ಅವಳ ಮನೆಯ ವೈರು ಆಗಲೇ ಎರಡು ತುಂಡಾಗಿ ಜೋತುಬಿದ್ದಿತ್ತು.

"ಏನ್ರೀ ಇದು! ಈ ತಿಂಗಳ ಬಿಲ್ಲು ಕಟ್ಟಿದ್ದೀನಲ್ಲ!"

"ಈ ಮೀಟರಿಂದು ಕಟ್ಟಿದ್ದೀರಿ ಅಕ್ಕಾ. ಆ ಮೀಟರಿಂದು ಯಾರು ಕಟ್ತಾರೆ?"

"ಯಾವ ಆ ಮೀಟರು?"

"ನನಗೇನು ಗೊತ್ತು. ನಿಮ್ಮ ಹೆಸರಲ್ಲಿ ಇನ್ನೊಂದಿದೆ. ಬಾಕಿ ಬೆಟ್ಟದಷ್ಟಾಗಿದೆ. ಅದು ವಸೂಲಾಗೋ ತನಕ, ಅದನ್ನ ಮುಟ್ಟದೆ ಇದನ್ನ ಕತ್ತರಿಸಿ ಅಂತ ಆರ್ಡರು." ಅವನು ಜೇಬಿನಿಂದ ಚೀಟಿ ತೆಗೆದು ಮೊತ್ತ ಓದಿದ.

ಅವಳು ನಕ್ಕುಬಿಟ್ಟಳು. ಭಯಕ್ಕೆ ಬಂದ ನಗು ಅದು. ವರ್ಷವಿಡೀ ಉಪವಾಸವಿದ್ದು ಸಂಬಳವನ್ನೆಲ್ಲ ತಂದು ಸುರಿದರೂ ತೀರುವ ಮೊತ್ತವಲ್ಲ.

"ನನ್ನ ಮನೇಲಿರೋದು ಒಂದು ಬಲ್ಬು, ಒಂದು ಫ್ಯಾನು, ನಮ್ಮಮ್ಮನ ಮಷೀನು. ಇಷ್ಟು ಕರೆಂಟು ಉರಿಸೋಕೆ ನಾನೇನು ಅರಮನೆ ಕಟ್ಟಿಸಿದ್ದೀನಾ? ಕೈ ಮುಗೀತೀನಿ ಅಣ್ಣಾ, ಒಳಗೆ ಬಂದು ಒಂದು ಸಲ ನೋಡು."

ಅವನು ಇಳಿದು ಬಾಗಿಲಲ್ಲಿ ತಲೆ ಹಾಕಿ ನೋಡಿದ. ಅಮ್ಮ ಎದೆಯನ್ನು ಮೇಲಕ್ಕೆಳೆದು ಎಳೆದು ಉಸಿರು ತೆಗೆಯುತ್ತಿದ್ದಳು. ಅವನು ಅಲ್ಲಿಂದ ಕಣ್ಣು ಕಿತ್ತು ಏಣಿಯನ್ನು ಹೆಗಲಿಗೇರಿಸಿಕೊಂಡ.

"ನಾನು ಬರೀ ಕತ್ತರಿ ಅಕ್ಕಾ. ಹಿಡಿದಿರೋ ಕೈ ಬೇರೆ. ಆಫೀಸಿಗೆ ಹೋಗಿ ಕೇಳಿ."

ಪಕ್ಕದ ಮನೆಯ ಬಡಗಿ ಮಾವ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಲೈನ್‌ಮನ್ ತಿರುವು ದಾಟಿದ್ದೇ ತಡ, ತನ್ನ ಮನೆಯಿಂದ ಉದ್ದನೆಯ ವೈರೊಂದನ್ನು ಅವಳ ಕಿಟಕಿಯೊಳಕ್ಕೆ ಎಸೆದ. "ತಗೋ, ಸಿಕ್ಕಿಸು ಮೊದಲು." ಮಷೀನು ಮತ್ತೆ ಗುರುಗುಟ್ಟಿತು. ಅಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು.

"ಗರಗಸಕ್ಕೆ ರಜಾ ಕೊಟ್ಟಿದ್ದೀನಿ. ಎರಡನ್ನೂ ಓಡಿಸಿದ್ರೆ ಫ್ಯೂಸು ಹೋಗುತ್ತೆ," ಎಂದ ಬಡಗಿ ಮಾವ. "ಆದ್ರೆ ನಾಳೆ ಮಧ್ಯಾಹ್ನ ಬಾಡಿಗೆ ಇಸ್ಕೊಳ್ಳೋಕೆ ನಮ್ಮ ಓನರ್ ಬರ್ತಾನೆ ಕಣಮ್ಮ. ಪಕ್ಕದ ಮನೆಗೆ ಕರೆಂಟು ಕೊಟ್ಟಿರೋದು ಕಂಡ್ರೆ ನನ್ನನ್ನೂ ನನ್ನ ಉಳಿಬಾಚಿಯನ್ನೂ ಬೀದಿಗೆ ಎಸೀತಾನೆ. ಅಷ್ಟರೊಳಗೆ ಏನಾದ್ರೂ ದಾರಿ ಮಾಡ್ಕೋ."

ನಾಳೆ ಮಧ್ಯಾಹ್ನ. ಅಮ್ಮನ ಉಸಿರಿಗೆ ಅಲ್ಲಿಯವರೆಗೆ ಗಡುವು.

ಅವಳು ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಆಸ್ಪತ್ರೆಯ ಹೊದಿಕೆಗಳು, ಹೋಟೆಲಿನ ಮೇಜುಬಟ್ಟೆಗಳು, ಡಾಕ್ಟರುಗಳ ಕೋಟುಗಳು. ದಿನವಿಡೀ ನಿಂತು, ಹಬೆಯಲ್ಲಿ ಬೆಂದು, ಸಂಜೆ ಮನೆಗೆ ಬಂದರೆ ಅವಳ ಬಟ್ಟೆಯಲ್ಲಿ ಮಾತ್ರ ನೂರು ಮುದುರು. ಅಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿದ್ದರು. ಆ ದಿನ ಇಸ್ತ್ರಿಯಕ್ಕ ಕೆಲಸಕ್ಕೆ ಹೋಗಲಿಲ್ಲ. ಕರೆಂಟ್ ಆಫೀಸಿಗೆ ಹೋದಳು.

ಕೌಂಟರಿನ ಗುಮಾಸ್ತ ಅವಳ ಮಾತು ಮುಗಿಯುವ ಮೊದಲೇ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

"ಈ ಫೋಟೋ ಯಾರದ್ದು?"

"ನನ್ನದೇ."

"ಸಹಿ?"

"ನನ್ನದರ ಹಾಗೇ ಇದೆ."

"ಹಾಗೇ ಇರೋದೇನು, ನಿಮ್ಮದೇ. ಗುರುತಿನ ಚೀಟೀನೂ ನಿಮ್ಮದೇ. ಮತ್ತೆ ಬಾಕಿ ಮಾತ್ರ ಪಕ್ಕದ ಮನೆಯವರದ್ದಾ?" ತನ್ನ ಹಾಸ್ಯಕ್ಕೆ ತಾನೇ ನಕ್ಕು, ಸಾಲಿನಲ್ಲಿ ನಿಂತವರ ಮುಖವನ್ನೂ ಒಮ್ಮೆ ನೋಡಿಕೊಂಡ.

ಇಸ್ತ್ರಿಯಕ್ಕನಿಗೆ ಅವನ ಮಾತು ಕೇಳಿಸಲೇ ಇಲ್ಲ. ಅವಳ ಕಣ್ಣು ಫೋಟೋದ ಮೇಲಿತ್ತು. ಫೋಟೋದಲ್ಲಿ ಅವಳು ನಗುತ್ತಿದ್ದಳು. ಬೆನ್ನ ಹಿಂದೆ ಬಿಳಿ ಹೊದಿಕೆ ಕಟ್ಟಿತ್ತು. ಹೊದಿಕೆಯ ಅಂಚಿನಲ್ಲಿ ಆಸ್ಪತ್ರೆಯ ನೀಲಿ ಮುದ್ರೆ ಅರ್ಧ ಕಾಣಿಸುತ್ತಿತ್ತು. ಅದನ್ನು ಅವಳೇ ಇಸ್ತ್ರಿ ಮಾಡಿ ಕಟ್ಟಿದ್ದಳು.

ಅದು ಕೈಗವಸು ಬಂದ ದಿನದ ಫೋಟೋ. ಲಾಂಡ್ರಿಯಲ್ಲಿ ಸೇರುವಾಗ ಪ್ರತಿಯೊಬ್ಬರೂ ಗುರುತಿನ ಚೀಟಿಯನ್ನು ಆಫೀಸಿನ ಡ್ರಾಯರಿನಲ್ಲಿ ಇಡಬೇಕಿತ್ತು. ಹೊದಿಕೆ ಕಳುವಾದರೆ ಜಾಮೀನು ಬೇಕಲ್ಲ, ಅದಕ್ಕೆ. ಯಾರಿಗೂ ಅದು ತಪ್ಪೆನಿಸಿರಲಿಲ್ಲ. ಮನೆಯಲ್ಲಿದ್ದರೆ ಇಲಿ ತಿನ್ನುತ್ತೆ, ಇಲ್ಲಿ ಭದ್ರ ಅನ್ನುತ್ತಿದ್ದರು. ಆಮೇಲೊಂದು ಚಳಿಗಾಲದಲ್ಲಿ, ಬ್ಲೀಚಿನ ನೀರಿಗೆ ಒಗೆಯುವವರ ಕೈಗಳೆಲ್ಲ ಒಡೆದು ರಕ್ತ ಬರತೊಡಗಿದಾಗ, ಯಜಮಾನರ ಮುಂದೆ ಹೋಗಿ ಕೈಗವಸು ಕೊಡಿ ಎಂದು ಕೇಳಿದ್ದು ಇಸ್ತ್ರಿಯಕ್ಕ. ತನಗಲ್ಲ, ಒಗೆಯುವವರಿಗೆ. ಯಜಮಾನರು ಒಂದೇ ಮಾತಿಗೆ ಹೂಂ ಎಂದಿದ್ದರು. ಹೂಂ ಅಂದದ್ದಷ್ಟೇ ಅಲ್ಲ, ಲೆಕ್ಕಕ್ಕೆ ಬೇಕು ಎಂದು ಎಲ್ಲರ ಫೋಟೋ ತೆಗೆಸಿ, ಕ್ಲಿಪ್ಪು ಹಾಕಿದ ಕಾಗದಗಳಿಗೆ ಸಹಿ ಹಾಕಿಸಿಕೊಂಡಿದ್ದರು. ಓದು ಬರುತ್ತಿದ್ದವಳು ಇಸ್ತ್ರಿಯಕ್ಕ ಒಬ್ಬಳೇ. ಉಳಿದವರ ಹೆಬ್ಬೆಟ್ಟಿನ ಪಕ್ಕ ಸಾಕ್ಷಿ ಎಂದು ಸಹಿ ಮಾಡಿದವಳೂ ಅವಳೇ. ಕಾಲರಿನ ಒಳಮಗ್ಗುಲನ್ನೂ ಮಗುಚಿ ನೋಡದೆ ಕೋಟಿಗೆ ಇಸ್ತ್ರಿ ತಾಗಿಸದವಳು, ಆ ದಿನ ಮೇಲಿನ ಹಾಳೆಯನ್ನು ಎತ್ತಿ ಕೆಳಗೇನಿದೆ ಎಂದು ನೋಡಲಿಲ್ಲ. ಗೆದ್ದೆವು ಎಂಬ ಖುಷಿಯಲ್ಲಿದ್ದಳು.

"ಆ ಇನ್ನೊಂದು ಮೀಟರು ಎಲ್ಲಿದೆ ಸಾರ್?"

"ನಿಮ್ಮ ಮನೆ ಎಲ್ಲಿದೆ ಅಂತ ನನ್ನನ್ನ ಕೇಳ್ತೀರಲ್ಲ!" ಎನ್ನುತ್ತಲೇ ಅವನು ಬಿಲ್ಲೊಂದನ್ನು ಮುದ್ರಿಸಿ ತಳ್ಳಿದ. ಅದರಲ್ಲಿದ್ದ ವಿಳಾಸ: ಗೋದಾಮು ಗಲ್ಲಿ, ಕೊನೆಯ ಮನೆ. "ಮೋಸ ಅಂತೀರಾದ್ರೆ ಪೊಲೀಸ್ ಕಂಪ್ಲೇಂಟಿನ ಕಾಪಿ ತನ್ನಿ. ಆಮೇಲೆ ನೋಡೋಣ."

ಅವಳು ಪೊಲೀಸ್ ಠಾಣೆಗೆ ಹೋದಳು. ಮೇಜಿನ ಹಿಂದಿದ್ದ ಪೊಲೀಸಿನವನು ಬಿಲ್ಲನ್ನು ತಿರುಗಿಸಿ ನೋಡಿದ.

"ಸಹಿ ನಿನ್ನದು ಅಂತೀಯಾ. ಮೋಸ ಅಂತಾನೂ ಅಂತೀಯಾ. ಎರಡರಲ್ಲಿ ಒಂದು ಹೇಳಮ್ಮ."

"ಕೈಗವಸಿಗೆ ಅಂತ ಹಾಕಿಸ್ಕೊಂಡ್ರು ಸಾರ್."

"ಕೈಗವಸು ಕೊಟ್ರಾ?"

"ಕೊಟ್ರು. ಒಂದೇ ಸಲ."

"ಮತ್ತೆ? ಮೋಸ ಎಲ್ಲಿ ಬಂತು!" ಅವನು ಬಿಲ್ಲನ್ನು ವಾಪಸ್ಸು ಕೊಟ್ಟ. "ಕರೆಂಟ್ ಆಫೀಸಿನೋರು ಇದು ಮೋಸ ಅಂತ ಬರೆದುಕೊಡಲಿ. ಆಗ ಕಂಪ್ಲೇಂಟ್ ಬರ್ಕೋತೀವಿ."

"ಅವರು ಮೊದಲು ನಿಮ್ಮ ಕಂಪ್ಲೇಂಟ್ ತಗೊಂಡು ಬಾ ಅಂತಾರೆ."

"ಅದು ಅವರ ರೂಲ್ಸು. ಇದು ನಮ್ಮ ರೂಲ್ಸು."

"ಒಂದು ಸಲ ಬಂದು ಜಾಗ ನೋಡಿ ಸಾರ್. ನೋಡಿದ್ರೆ ನಿಮಗೇ ಗೊತ್ತಾಗುತ್ತೆ."

"ನೀನು ಕೈ ತೋರಿಸಿದ ಕಡೆಗೆಲ್ಲ ಬರೋಕೆ ನಾವೇನು ಆಟೋನಾ? ಹೋಗಮ್ಮ, ಹೋಗು."

ಅವಳು ಮತ್ತೆ ಕರೆಂಟ್ ಆಫೀಸಿಗೆ ಬಂದಳು. ಊಟದ ಸಮಯ ಎಂದು ಕೌಂಟರಿಗೆ ಬಾಗಿಲು ಎಳೆದಿತ್ತು. ಸಂದಿಯಿಂದ ಗುಮಾಸ್ತನ ಬೆನ್ನು ಕಾಣಿಸುತ್ತಿತ್ತು. ಅವನು ಫೋನಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದ. "ಹೌದು ಸಾರ್, ಬಂದಿದ್ಲು. ಇಲ್ಲ ಸಾರ್, ಬರೀ ಬಿಲ್ಲು ಕೊಟ್ಟೆ." ಅವಳು ಬಾಗಿಲು ಬಡಿಯಲಿಲ್ಲ. ಬಿಲ್ಲನ್ನು ಮುಷ್ಟಿಯಲ್ಲಿ ಹಿಡಿದು ಗೋದಾಮು ಗಲ್ಲಿಯನ್ನು ಹುಡುಕುತ್ತಾ ನಡೆದಳು.

ಅದು ಗಾಡಿಯೂ ನುಗ್ಗದಂಥ ಇಕ್ಕಟ್ಟು ಗಲ್ಲಿ. ಎರಡೂ ಕಡೆ ಗೋದಾಮುಗಳ ಬೆನ್ನು, ಕಿಟಕಿಯಿಲ್ಲದ ಗೋಡೆಗಳು, ಕಾಲಿಗೆ ಸಿಗುವ ಕೊಳೆನೀರು. ಮನೆ ಎನ್ನುವಂಥದ್ದು ಒಂದೂ ಇರಲಿಲ್ಲ. ಕೊನೆಗೆ ತಲುಪುವ ಮೊದಲೇ ಮೂಗಿಗೆ ಬ್ಲೀಚಿನ ವಾಸನೆ ಬಡಿಯಿತು. ಗೋಡೆಯ ತೂತುಗಳಿಂದ ಬಿಸಿ ಹಬೆ ಹೊರಗೆ ಬರುತ್ತಿತ್ತು. ಒಳಗೆ ಏನೋ ದೊಡ್ಡದು ಢಬ್, ಢಬ್ ಎಂದು ಕುಂಟುತ್ತಾ ಸುತ್ತುತ್ತಿತ್ತು.

ಆ ಕುಂಟು ಸದ್ದು ಅವಳಿಗೆ ಗೊತ್ತು. ಬೆಲ್ಟು ಸವೆದ ದೊಡ್ಡ ಡ್ರೈಯರು. ಅದರ ಈಚೆ ಮಗ್ಗುಲಿನಲ್ಲೇ ಅವಳ ಇಸ್ತ್ರಿಯ ಮೇಜು.

ಇಷ್ಟು ವರ್ಷ ಅವಳು ಮುಂದಿನ ಗೇಟಿನಿಂದ ಒಳಗೆ ಹೋಗಿ ಮುಂದಿನ ಗೇಟಿನಿಂದಲೇ ಹೊರಗೆ ಬಂದವಳು. ತನ್ನ ಲಾಂಡ್ರಿಯ ಬೆನ್ನನ್ನು ನೋಡಿದ್ದು ಇದೇ ಮೊದಲು. ತನ್ನದೇ ಹೆಸರಿನ "ಮನೆ"ಯೊಳಗೆ ನಿಂತು, ತನ್ನದೇ ಹೆಸರಿನ ಕರೆಂಟಿನಲ್ಲಿ, ದಿನವೂ ಇನ್ನೊಬ್ಬರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

ಗೋಡೆಗೆ ಒಂದು ತಗಡಿನ ಮರೆ. ಅದರಡಿ ಸಾಲಾಗಿ ಮೀಟರುಗಳು. ಒಂದಲ್ಲ, ಐದು. ಪ್ರತಿಯೊಂದರ ಕೆಳಗೂ ಒಂದು ಮೇನ್ ಸ್ವಿಚ್ಚು, ಪ್ರತಿಯೊಂದರ ಮೇಲೂ ಕೆಂಪು ದೀಪ ದಡಬಡನೆ ಮಿಣುಕುತ್ತಿತ್ತು. ಕೊಕ್ಕೆಗೆ ಚುಚ್ಚಿದ ಬಿಲ್ಲುಗಳು ಹಬೆಗೆ ಒದ್ದೆಯಾಗಿ ಅಂಟಿಕೊಂಡಿದ್ದವು. ಅವಳು ಒಂದೊಂದೇ ಬಿಡಿಸಿ ಓದಿದಳು. ಮೊದಲನೆಯದು ತನ್ನ ಹೆಸರು. ಎರಡನೆಯದು ಸೋಪು ಕರಗಿಸುವ ಸೋಪಜ್ಜಿಯದು. ಮೂರನೆಯದು ಒದ್ದೆ ಗಂಟುಗಳನ್ನು ಹೊರುವ ಉದ್ದಣ್ಣನದು. ನಾಲ್ಕನೆಯದು ಡ್ರೈಯರಿನ ಬಾಯಿಗೆ ಬಟ್ಟೆ ತುಂಬುವ ಗುಬ್ಬಿಯದು.

ಐದನೆಯದನ್ನು ಎರಡು ಸಲ ಓದಿದಳು. ಅದು ಬ್ಲೀಚಣ್ಣನ ಹೆಸರು. ಬ್ಲೀಚಿನ ಡ್ರಮ್ಮುಗಳನ್ನು ನೋಡಿಕೊಳ್ಳುತ್ತಿದ್ದವನು. ಅದರ ಘಾಟಿಗೆ ಎದೆ ಸುಟ್ಟುಹೋಗಿ ಕಳೆದ ವರ್ಷ ತೀರಿಕೊಂಡಿದ್ದ. ಅವನ ಮೀಟರಿನ ಕೆಂಪು ದೀಪ ಎಲ್ಲಕ್ಕಿಂತ ಜೋರಾಗಿ ಮಿಣುಕುತ್ತಿತ್ತು.

ಅಲ್ಲಿಂದ ನೇರ ಯಜಮಾನರ ಕೋಣೆಗೆ ಹೋದಳು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು, ತಣ್ಣನೆಯ ಆ ಕೋಣೆಯೊಳಗೆ ಕಾಲಿಡುತ್ತಲೇ ಚೆದುರಿಹೋಯಿತು.

"ಬಾ ತಂಗಿ, ಕೂತ್ಕೋ," ಎಂದರು ಯಜಮಾನರು. ಇದುವರೆಗೆ ಅವಳನ್ನು ಅವರು ಕೂರಲು ಹೇಳಿದ್ದಿಲ್ಲ, ತಂಗಿ ಎಂದದ್ದೂ ಇಲ್ಲ. "ಅಮ್ಮ ಹೇಗಿದ್ದಾರೆ? ಮನೆ ಲೈನು ಕತ್ತರಿಸಿದ್ರಂತೆ. ಮೊದಲು ನನ್ನ ಹತ್ರ ಬರೋದು ಬಿಟ್ಟು ಆ ಆಫೀಸು ಈ ಠಾಣೆ ಅಂತ ಯಾಕೆ ಅಲೀತೀಯಾ?"

"ನನ್ನ ಹೆಸರಲ್ಲಿ ಮೀಟರು ಹಾಕಿಸಿದ್ದು ಯಾಕೆ ಯಜಮಾನ್ರೇ?"

"ಯಾಕೆ ಅಂದ್ರೆ? ನಿಮಗೋಸ್ಕರ!" ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಕಾರ್ಖಾನೆ ರೇಟು ಒಂದು, ಮನೆ ರೇಟು ಒಂದು. ಕಾರ್ಖಾನೆ ರೇಟು ಕಟ್ಟಿದ್ರೆ ನಿಮಗೆಲ್ಲ ಸಂಬಳ ಕೊಡೋಕೆ ನನ್ನ ಹತ್ರ ಏನು ಉಳಿಯುತ್ತೆ? ಎಲ್ಲ ಕಡೆ ನಡೆಯೋದು ಹೀಗೇ."

"ಬಾಕಿ ಯಾಕೆ ಉಳಿಸಿದ್ರಿ?"

"ಸ್ವಲ್ಪ ಹಿಂದೆ ಬಿತ್ತು, ಅಷ್ಟೇ. ಹೊಸ ಕಟ್ಟಡದ ಖರ್ಚು."

ಹೊಸ ಕಟ್ಟಡ. ತಿಂಗಳ ಕೊನೆಗೆ ಮಷೀನುಗಳೆಲ್ಲ ಅಲ್ಲಿಗೆ ಹೋಗುತ್ತವೆಂದು ಒಳಗೆ ಮಾತಿತ್ತು. ಮಷೀನುಗಳು ಹೋಗುತ್ತವೆ. ಹಿಂದಿನ ಗಲ್ಲಿಯ ಮೀಟರುಗಳು ಹೋಗುವುದಿಲ್ಲ. ಅವರು ಕೈ ತೊಳೆದುಕೊಂಡು ಹೊರಡುತ್ತಾರೆ, ಬಾಕಿಯ ಗೂಬೆ ಐದು ಜನರ ತಲೆ ಮೇಲೆ ಕೂತಿರುತ್ತದೆ. ಇಷ್ಟು ಅವಳಿಗೆ ಕೂತಲ್ಲೇ ಹೊಳೆಯಿತು.

ಯಜಮಾನರು ಟೈಪು ಮಾಡಿದ ಕಾಗದವೊಂದನ್ನು ಮುಂದಿಟ್ಟರು. ಪೆನ್ನನ್ನೂ ತೆರೆದಿಟ್ಟರು.

"ನಿನ್ನ ಬಾಕಿ ಪೂರ್ತಿ ನಾನು ಕಟ್ತೀನಿ. ಇವತ್ತೇ. ಒಂದು ಫೋನು ಮಾಡಿದ್ರೆ ಸಂಜೆಯೊಳಗೆ ನಿನ್ನ ಮನೇಲಿ ಲೈಟು. ಇದಕ್ಕೊಂದು ಸಹಿ ಹಾಕು."

ಈ ಸಲ ಅವಳು ಓದಿದಳು. ತಾನೂ ಉಳಿದ ನಾಲ್ವರೂ ಮನಸಾರೆ ಒಪ್ಪಿಯೇ ಮೀಟರು ಹಾಕಿಸಿಕೊಂಡಿದ್ದೇವೆ, ಕರೆಂಟನ್ನು ತಾವೇ ಬಳಸಿದ್ದೇವೆ, ಬಾಕಿಗೆ ಅವರವರೇ ಹೊಣೆ, ಇದಕ್ಕೆಲ್ಲ ತಾನೇ ಸಾಕ್ಷಿ. ಅವಳ ಬಾಕಿಯನ್ನು ಯಜಮಾನರು ದಯೆಯಿಂದ ತೀರಿಸುತ್ತಿದ್ದಾರೆ ಎಂದು ಕೊನೆಯ ಸಾಲು.

"ಉಳಿದವರದ್ದು?"

"ಅವರ ವಿಷಯ ನಿನಗ್ಯಾಕೆ? ನಿನ್ನ ಅಮ್ಮನ್ನ ನೋಡ್ಕೋ."

ಅವಳು ಪೆನ್ನು ಎತ್ತಿಕೊಂಡಳು. ಹೌದು, ಎತ್ತಿಕೊಂಡಳು. ಕಿವಿಯಲ್ಲಿ ಮಷೀನು ಗುರುಗುಟ್ಟುತ್ತಿತ್ತು. ಯಜಮಾನರು ಫೋನನ್ನು ಕಿವಿಗಿಟ್ಟುಕೊಂಡು, "ಆ ಲೈನ್‌ಮನ್ ಎಲ್ಲಿದ್ದಾನೆ ನೋಡಿ, ಒಂದು ಕನೆಕ್ಷನ್ ಇದೆ," ಎನ್ನುತ್ತಿದ್ದರು. ಕಾಗದದ ಮೇಲೆ ಪೆನ್ನಿನ ಮೊನೆ ಊರಿತು. ಚುಕ್ಕಿಯೊಂದು ಮೂಡಿ ಅಗಲವಾಯಿತು.

"ಅಮ್ಮನ್ನ ಒಂದು ಮಾತು ಕೇಳ್ಬೇಕು ಯಜಮಾನ್ರೇ," ಎಂದು ಎದ್ದುಬಿಟ್ಟಳು. "ನಾಳೆ ಬೆಳಿಗ್ಗೆ ಹೇಳ್ತೀನಿ."

ಯಜಮಾನರ ಮುಖದಿಂದ ತಂಗಿ ಇಳಿದುಹೋದಳು.

"ಬೆಳಿಗ್ಗೆ ಅಂದ್ರೆ ಬೆಳಿಗ್ಗೆ. ಅಷ್ಟರೊಳಗೆ ಯಾರ ಹತ್ರಾನಾದ್ರೂ ಬಾಯಿ ಬಿಟ್ಟೆಯೋ, ಕೆಲಸಾನೂ ಇಲ್ಲ, ಕರೆಂಟೂ ಇಲ್ಲ. ಕಳ್ಳಬಿಲ್ಲು ಮಾಡಿದೋಳು ಅಂತ ನಿನ್ನ ಮೇಲೇ ಕೇಸು ಹಾಕಿಸ್ತೀನಿ. ಸಾಕ್ಷಿ ಸಹಿ ನಿನ್ನದೇ ಇದೆ, ನೆನಪಿರಲಿ."

ಮನೆಗೆ ಬಂದಾಗ ಸಂಜೆಯಾಗಿತ್ತು. ಬಡಗಿ ಮಾವ ಹೊರಗೆ ಕೂತು ಕೈಯಿಂದಲೇ ಹಲಗೆ ಉಜ್ಜುತ್ತಿದ್ದ. ಒಳಗೆ ಅಮ್ಮ ಮಷೀನಿನ ಗುಂಡಿಯನ್ನು ಕೆಳಕ್ಕೆ ತಿರುಗಿಸಿಕೊಂಡು ಕೂತಿದ್ದಳು.

"ಯಾಕಮ್ಮ ಕಮ್ಮಿ ಮಾಡಿದ್ದೀಯಾ?"

"ಬಾಡಿಗೆ ಉಸಿರು. ನೋಡ್ಕೊಂಡು... ಖರ್ಚು ಮಾಡ್ಬೇಕು."

ಇಸ್ತ್ರಿಯಕ್ಕ ಗುಂಡಿಯನ್ನು ಮೇಲಕ್ಕೆ ತಿರುಗಿಸಿ, ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಮೀಟರುಗಳು, ಬ್ಲೀಚಣ್ಣ, ಟೈಪು ಮಾಡಿದ ಕಾಗದ. ಅಮ್ಮ ನಡುವೆ ಬಾಯಿ ಹಾಕಲಿಲ್ಲ. ಅಮ್ಮ ಬಾಯಿ ಹಾಕದೆ ಕೇಳಿದ್ದು ಅಪರೂಪ.

"ಸಹಿ ಹಾಕಿದ್ರೆ ನಮ್ಮ ಮನೇಲಿ ಬೆಳಕು ಬರುತ್ತೆ," ಎಂದಳು ಕೊನೆಗೆ.

"ಸೋಪಜ್ಜಿ ಮನೇಲಿ?"

ಅವಳು ಮಂಚದ ಹೊದಿಕೆಯ ಮುದುರನ್ನು ನೀವತೊಡಗಿದಳು.

"ಆ ಗುಬ್ಬಿಗೆ ಎಳೆ ಮಗು... ಇದೆ ಅಂದಿದ್ದೆ."

"ಹೂಂ."

"ನೋಡು. ನಿನಗೆ ಬೇಕು ಅಂದ್ರೆ ಹಾಕು. ಹೆದರಿಕೆ ಆಗುತ್ತೆ ಅಂದ್ರೂ... ಹಾಕು. ನಾನು ಬೈಯಲ್ಲ." ಅಮ್ಮ ಉಸಿರು ಒಟ್ಟುಮಾಡಿಕೊಂಡಳು. "ಆದ್ರೆ ಅಮ್ಮನಿಗೋಸ್ಕರ ಹಾಕಿದೆ ಅಂತ ಮಾತ್ರ ಎಲ್ಲೂ ಹೇಳ್ಬೇಡ. ನನ್ನ ಹೆಸರಲ್ಲಿ ಇನ್ನೊಬ್ಬರ ತಲೆಗೆ ಸಾಲ ಕಟ್ಟೋದು ಬೇಡ. ಆ ಕೆಲಸಕ್ಕೆ... ನಿಮ್ಮ ಯಜಮಾನ ಇದ್ದಾನಲ್ಲ."

"ನಾಳೆ ಮಧ್ಯಾಹ್ನ ಏನ್ಮಾಡೋಣಮ್ಮ?"

"ನಾಳೆ ಮಧ್ಯಾಹ್ನ ನಾಳೆ ಮಧ್ಯಾಹ್ನ ಬರುತ್ತೆ. ಈಗ ಒಂದು ಲೋಟ ಚಹಾ ಕೊಡು. ಬೆಳಿಗ್ಗೆ ಸೋಸಿ ಇಟ್ಟು ಹೋದೋಳು... ಕೊಡದೇ ಹೋಗಿದ್ದೀಯಾ."

ಬೆಳಿಗ್ಗೆ ಅವಳು ಲಾಂಡ್ರಿಯ ಗೇಟಿನ ಮುಂದೆ ಎಲ್ಲರಿಗಿಂತ ಮೊದಲು ನಿಂತಿದ್ದಳು. ರಾತ್ರಿ ಪಾಳಿಯವರು ತುಂಬಿ ಹೋದ ಡ್ರೈಯರುಗಳು ಒಳಗೆ ಸುತ್ತುತ್ತಿದ್ದವು. ಸೋಪಜ್ಜಿ ಬಂದಳು, ಗುಬ್ಬಿ ಬಂದಳು, ಉದ್ದಣ್ಣ ಆಕಳಿಸುತ್ತಾ ಬಂದ.

"ಒಳಗೆ ಹೋಗ್ಬೇಡಿ. ನನ್ನ ಜೊತೆ ಬನ್ನಿ."

"ಎಲ್ಲಿಗೇ? ಲೇಟಾದ್ರೆ ಅರ್ಧ ದಿನದ ಸಂಬಳ ಹೋಗುತ್ತೆ," ಎಂದಳು ಸೋಪಜ್ಜಿ.

"ಅದಕ್ಕಿಂತ ದೊಡ್ಡದು ಆಗಲೇ ಹೋಗಿದೆ ಅಜ್ಜಿ. ಬನ್ನಿ."

ತಗಡಿನ ಮರೆಯ ಕೆಳಗೆ ನಿಂತು ಅವಳು ಬಿಲ್ಲುಗಳನ್ನು ಒಂದೊಂದಾಗಿ ಓದಿದಳು. ಹೆಸರು, ಬಾಕಿ. ಹೆಸರು, ಬಾಕಿ. ಕೈಗವಸಿನ ದಿನ ಸಹಿ ಹಾಕಿಸಿದ ಕಾಗದ ಯಾವುದೆಂದು ಹೇಳಿದಳು. ತನ್ನ ಮನೆಯ ಲೈನು ಕತ್ತರಿಸಿದ್ದನ್ನು ಹೇಳಿದಳು. ಯಜಮಾನರ ಕಾಗದವನ್ನೂ ಹೇಳಿದಳು, ಪೆನ್ನು ಎತ್ತಿಕೊಂಡದ್ದನ್ನೂ ಮುಚ್ಚಿಡಲಿಲ್ಲ.

ಸೋಪಜ್ಜಿ ಕಣ್ಣು ಕಿರಿದು ಮಾಡಿ ಮೀಟರುಗಳನ್ನು ನೋಡಿದಳು. "ಇದರಲ್ಲಿ ನಂದು ಯಾವುದು?"

"ಎರಡನೇದು."

"ಹುಟ್ಟಿದಾಗಿಂದ ಬಾಡಿಗೆ ಮನೇಲೇ ಬಾಳಿದೆ. ನನ್ನ ಹೆಸರಲ್ಲೂ ಒಂದು ಮನೆ ಇದೆ ಅಂತ ಇವತ್ತು ಗೊತ್ತಾಯ್ತು ನೋಡು. ಬಾಗಿಲು ಯಾವ ಕಡೆಗಿದೆಯೋ!"

ಯಾರೂ ನಗಲಿಲ್ಲ. ಉದ್ದಣ್ಣ ಇಸ್ತ್ರಿಯಕ್ಕನ ಎದುರಿಗೆ ಬಂದು ನಿಂತ. ಅವನ ದವಡೆ ಬಿಗಿದಿತ್ತು.

"ಸಾಕ್ಷಿ ಸಹಿ ಯಾರದ್ದು?"

"ನಂದು."

"ನೀನು ಓದಿದೋಳು ಅಂತ ನಂಬಿ ಹೆಬ್ಬೆಟ್ಟು ಒತ್ತಿದ್ವಿ. ನಿನ್ನನ್ನ ನಂಬಿ!"

"ಹೌದು ಅಣ್ಣಾ. ಓದಲಿಲ್ಲ ನಾನು."

"ಓದಲಿಲ್ಲವಂತೆ! ನನ್ನ ಮಕ್ಕಳು ಕತ್ತಲಲ್ಲಿ ಕೂತಾಗ ಬಂದು ಹೇಳು ಇದನ್ನ."

"ಅಣ್ಣಾ, ಬಿಡು," ಎಂದಳು ಗುಬ್ಬಿ. ದನಿ ಇದೆಯೋ ಇಲ್ಲವೋ ಎನ್ನುವಂಥ ಹುಡುಗಿ. ಅವಳು ಎರಡು ಮಾತು ಸೇರಿಸಿ ಆಡಿದರೆ ಲಾಂಡ್ರಿಯಲ್ಲಿ ಅದೇ ಸುದ್ದಿ. "ಅಕ್ಕ ಕೇಳಿದ್ದು ಕೈಗವಸು. ಕದ್ದದ್ದು ಅವರು."

ಉದ್ದಣ್ಣನ ಕಣ್ಣು ಐದನೆಯ ಮೀಟರಿನ ಮೇಲೆ ಬಿತ್ತು. ಬ್ಲೀಚಣ್ಣನನ್ನು ಕೊನೆಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋದವನು ಅವನೇ. ಕೆಂಪು ದೀಪ ಮಿಣುಕುತ್ತಲೇ ಇತ್ತು.

"ಸತ್ತವನನ್ನೂ ಬಿಡದೆ ದುಡಿಸ್ತಿದ್ದಾನಲ್ಲ," ಎಂದ ನಿಧಾನವಾಗಿ.

ಗೋಡೆಯ ಆಚೆ ಡ್ರೈಯರು ಢಬ್ ಢಬ್ ಎನ್ನುತ್ತಿತ್ತು. ಗುಬ್ಬಿ ತನ್ನ ಹೆಸರಿನ ಮೀಟರಿನ ಕೆಳಗಿದ್ದ ಸ್ವಿಚ್ಚನ್ನು ನೋಡಿ ಕೇಳಿದಳು:

"ಅಕ್ಕಾ, ಇದು ನಮ್ಮದು ಅಂತ ಆಫೀಸಿನೋರೇ ಹೇಳ್ತಾರಲ್ವಾ?"

"ಹೇಳ್ತಾರೆ."

"ನಮ್ಮದನ್ನ ನಾವು ಆರಿಸಬಹುದಲ್ವಾ?"

ಇಸ್ತ್ರಿಯಕ್ಕ ಅವಳ ಮುಖ ನೋಡಿದಳು. ಯೋಚಿಸಿದಳು. ಸ್ವಿಚ್ಚು ಕೆಳಗಿಳಿದರೆ ಯಜಮಾನರ ಫೋನು ಇಲ್ಲ, ಬೆಳಕಿಲ್ಲ, ಕೆಲಸವಿಲ್ಲ. ಮಧ್ಯಾಹ್ನ ಬಡಗಿ ಮಾವನ ಓನರ್ ಬರುತ್ತಾನೆ. ಅವಳ ಬಾಯಿಂದ ತಾನಾಗಿಯೇ ಬಂತು: "ಅಮ್ಮನ ಮಷೀನು..."

"ನಮ್ಮನೆ ಲೈನು ಇನ್ನೂ ಕತ್ತರಿಸಿಲ್ಲ," ಎಂದ ಉದ್ದಣ್ಣ. ಮುಖ ಇನ್ನೂ ಸಿಡುಕಿಕೊಂಡೇ ಇತ್ತು. "ಗಂಟು ಹೊತ್ತು ಹೊತ್ತು ಅಭ್ಯಾಸ ನನಗೆ. ಮಷೀನು ಒಂದು ಹೆಗಲಿಗೆ, ನಿಮ್ಮಮ್ಮ ಇನ್ನೊಂದು ಹೆಗಲಿಗೆ. ನಮ್ಮದನ್ನೂ ಕತ್ತರಿಸಿದ್ರೆ ಗುಬ್ಬಿ ಮನೆಗೆ. ಅಲ್ಲೂ ಕತ್ತರಿಸಿದ್ರೆ ಅಜ್ಜಿ ಮನೆಗೆ."

"ನನ್ನ ಯಾವ ಮನೆಗೆ? ಅದಕ್ಕೋ ಇದಕ್ಕೋ?" ಎಂದಳು ಸೋಪಜ್ಜಿ. ಈ ಸಲ ಗುಬ್ಬಿ ಕಿಸಕ್ಕನೆ ನಕ್ಕಳು.

ಉದ್ದಣ್ಣ ತನ್ನ ಸ್ವಿಚ್ಚನ್ನು ಮೊದಲು ಇಳಿಸಿದ. ಟಕ್. ಇಳಿಸಿದವನೇ ತಿರುಗಿ ನೋಡದೆ ಇಸ್ತ್ರಿಯಕ್ಕನ ಮನೆಯ ಕಡೆ ದಾಪುಗಾಲು ಹಾಕಿದ. ಗುಬ್ಬಿ ಎರಡೂ ಕೈಯಿಂದ ಎಳೆದಳು. ಇಸ್ತ್ರಿಯಕ್ಕ ತನ್ನದನ್ನು ಇಳಿಸಿದಳು. ಸೋಪಜ್ಜಿ ತನ್ನದನ್ನು ಇಳಿಸಿ, ಐದನೆಯದರ ಮುಂದೆ ಒಂದು ಗಳಿಗೆ ನಿಂತು, "ಸಾಕು ಮಗಾ, ಮಲಗು," ಎಂದು ಅದನ್ನೂ ಇಳಿಸಿದಳು.

ಡ್ರೈಯರು ಢಬ್ ಎಂದಿತು. ಇನ್ನೊಂದು ಸಲ ಢಬ್ ಎಂದಿತು. ನಿಂತಿತು. ತೂತುಗಳಿಂದ ಬರುತ್ತಿದ್ದ ಹಬೆ ತೆಳುವಾಗಿ ಇಲ್ಲವಾಯಿತು. ಒಳಗೆ ಯಾರೋ ಕೂಗಿದರು. ಓಡಾಡುವ ಸದ್ದು, ಬಾಗಿಲು ಬಡಿಯುವ ಸದ್ದು.

ಯಜಮಾನರು ಗಲ್ಲಿಗೆ ಬರುವಷ್ಟರಲ್ಲಿ ಅವರ ಬಿಳಿ ಪ್ಯಾಂಟಿನ ಅಂಚು ಕೊಳೆನೀರಿನಲ್ಲಿ ನೆನೆದಿತ್ತು.

"ಯಾರು ಆಫ್ ಮಾಡಿದ್ದು? ಆಸ್ಪತ್ರೆ ಗಾಡಿ ಬರೋ ಹೊತ್ತು! ಒದ್ದೆ ಹೊದಿಕೆ ಹೊದಿಸ್ತೀರಾ ರೋಗಿಗಳಿಗೆ?"

ಅವರು ಸ್ವಿಚ್ಚಿಗೆ ಕೈ ಚಾಚಿದರು. ಸೋಪಜ್ಜಿ ಬೆನ್ನನ್ನು ಮೀಟರುಗಳಿಗೆ ಆನಿಸಿ ನಿಂತಳು.

"ಮನೆ ಯಜಮಾನಿಯನ್ನ ಕೇಳದೆ ಮನೆ ಸ್ವಿಚ್ಚು ಮುಟ್ತಾರಾ ಸಾರ್?"

"ಏಯ್ ಮುದುಕಿ, ಸರಿ ಆಚೆ!" ಎಂದವರು ಇಸ್ತ್ರಿಯಕ್ಕನ ಕಡೆ ತಿರುಗಿದರು. ದನಿ ಇಳಿಯಿತು. "ನಿನಗೆ ಹೇಳಿದ್ದೆ. ನಿನ್ನ ಅಮ್ಮನ ಗತಿ ಏನು ಅಂತ ಯೋಚನೆ ಇದೆಯಾ?"

"ಇದೆ. ನಮ್ಮಮ್ಮ ಇಷ್ಟು ಹೊತ್ತಿಗೆ ಉದ್ದಣ್ಣನ ಹೆಗಲ ಮೇಲಿರ್ತಾಳೆ."

ಅವರಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದೇ ಅವರನ್ನು ಕೆರಳಿಸಿತು. ಗುಬ್ಬಿಯನ್ನು ನೋಡಿದರು, ಅವಳು ನೆಲ ನೋಡಲಿಲ್ಲ. ಗಲ್ಲಿಯ ಬಾಯಿಯಲ್ಲಿ ಒಗೆಯುವವರು, ಮಡಚುವವರು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ನಮ್ಮ ಚೀಟಿಯೂ ಡ್ರಾಯರಿನಲ್ಲೇ ಇದೆಯಲ್ಲ ಎಂದು ಯಾರೋ ಹಿಂದಿನಿಂದ ಅಂದರು.

"ಪೊಲೀಸರನ್ನ ಕರೆಸ್ತೀನಿ! ಒಬ್ಬೊಬ್ಬರನ್ನೂ ಒಳಗೆ ಹಾಕಿಸ್ತೀನಿ!" ಯಜಮಾನರು ಜೇಬಿನಿಂದ ಫೋನು ಎಳೆದರು.

"ಕರೆಸಿ," ಎಂದಳು ಇಸ್ತ್ರಿಯಕ್ಕ.

ಅವಳು ಐದನೆಯ ಬಿಲ್ಲನ್ನು ಎತ್ತಿ ಹಿಡಿದಳು.

"ನಿನ್ನೆ ನಾನು ಹೋಗಿ ಕರೆದೆ. ಬರಲಿಲ್ಲ. ನೀವು ಕರೆದ್ರೆ ಬರ್ತಾರೆ. ಬಂದು ನೋಡಲಿ, ಇದು ಮನೆಯೋ ಲಾಂಡ್ರಿಯೋ ಅಂತ. ಈ ಮನೇಲಿ ಸತ್ತವನು ಹೇಗೆ ಬಟ್ಟೆ ಒಣಗಿಸ್ತಾನೆ ಅಂತ. ನೋಡಿದ್ದನ್ನ ಬರ್ಕೊಳ್ಳಲಿ. ನಾವು ಇಲ್ಲೇ ಕೂತಿರ್ತೀವಿ."

ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು. ಸೋಪಜ್ಜಿ ಮಂಡಿ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಗುಬ್ಬಿ ಕೂತಳು. ಗಲ್ಲಿಯ ಬಾಯಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಳಕ್ಕೆ ಬಂದು, ಕೊಳೆನೀರನ್ನು ದಾಟಿ ದಾಟಿ ಜಾಗ ಹುಡುಕತೊಡಗಿದರು.

ಫೋನು ಯಜಮಾನರ ಅಂಗೈಯಲ್ಲಿತ್ತು. ಬೆರಳು ಕದಲುತ್ತಿರಲಿಲ್ಲ.

"ಮಾಡಿ ಯಜಮಾನ್ರೇ," ಎಂದಳು ಇಸ್ತ್ರಿಯಕ್ಕ. "ನಂಬರು ಮರೆತುಹೋಯ್ತಾ? ನಾನು ಹೇಳ್ಲಾ?"